ಕಾಲೇಜಿನ ಬಾನುಲಿಗೆ ಊರಿನ ಪಟ್ಟಿ



ಬಳ್ಳಾರಿ ಸೀಮೆಯ ಹಳ್ಳಿಯಲ್ಲಿ ಬಯಲಾಟ ಆಡಿಸಬೇಕೆಂದರೆ ಮೊದಲು ಆಗುವ ಕೆಲಸ ಯಾವುದು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ವೇಷ ಹೊಂದಿಸುವುದಲ್ಲ, ಮದ್ದಲೆ ತರಿಸುವುದೂ ಅಲ್ಲ, ಪಟ್ಟಿ ಎತ್ತುವುದು. ಮನೆಮನೆಗೆ ಹೋಗಿ, ಉಳ್ಳವರಿಂದ ನೂರೋ ಐನೂರೋ, ಇಲ್ಲದವರಿಂದ ಒಂದು ಸೇರು ಜೋಳವೋ ಪಡೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಆಟದ ರಾತ್ರಿ, ಮೆಚ್ಚಿದ ಪಾತ್ರಧಾರಿಗೆ ನೋಡುಗರು ಆಯಾರ ಮಾಡುತ್ತಾರೆ. ಕೊಟ್ಟವರ ಹೆಸರನ್ನು ರಂಗದ ಮೇಲಿಂದಲೇ ಹೇಳುತ್ತಾರೆ. ಹತ್ತು ರೂಪಾಯಿ ಕೊಟ್ಟವನ ಹೆಸರೂ ಮೈಕಿನಲ್ಲಿ ಬರುತ್ತದೆ. ಆ ಗಳಿಗೆಯಿಂದ ಆಟ ಅವನದೂ ಆಗುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಬಯಲಾಟದ ವಿಷಯವಲ್ಲ, ಕಾಲೇಜಿನ ಬಾನುಲಿಯ ವಿಷಯ. ಆದರೆ ಕಾಲೇಜಿನ ಬಾನುಲಿಯೊಂದು ಬದುಕಬೇಕಾದರೆ ಹಣ ಎಲ್ಲಿಂದ ಬರಬೇಕು, ಅದರಲ್ಲಿ ಯಾವ ಹಾಡು ಕೇಳಬೇಕು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಆ ಪಟ್ಟಿಯ ಪುಸ್ತಕದಲ್ಲೇ ಇದೆ ಎಂದು ನನಗೆ ತೋರುತ್ತದೆ.

ಕನ್ನಡ ನಾಡಿನಲ್ಲಿ ಬಾನುಲಿಯ ಕಥೆ ಶುರುವಾಗುವುದೇ ಒಬ್ಬ ಕಾಲೇಜು ಮೇಷ್ಟರಿಂದ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಒಂದು ಪ್ರಸಾರ ಕೇಂದ್ರ ತೆರೆದರು. ಮೊದಲ ಯಂತ್ರದ ಶಕ್ತಿ 30 ವ್ಯಾಟ್ ಮಾತ್ರ. ದೇಶದ ಪ್ರಸಾರ ಸಂಸ್ಥೆಗೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು 1936ರಲ್ಲಿ; ಅದಕ್ಕೂ ಮುಂಚೆ ಮೈಸೂರಿನ ಒಂದು ಮನೆಯಿಂದ ಕನ್ನಡದ ಮಾತು ಮತ್ತು ಸಂಗೀತ ಗಾಳಿಯಲ್ಲಿ ತೇಲಿ ಹೋಗುತ್ತಿತ್ತು. ಆ ಪುಟ್ಟ ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಆ ಹೆಸರನ್ನು ತನ್ನದಾಗಿಸಿಕೊಂಡಿತು.

ಇದಕ್ಕೆ ಹಣ? ಪ್ರಾಧ್ಯಾಪಕರ ಸ್ವಂತ ಗಂಟು, ಊರಿನ ಸಹೃದಯರ ದೇಣಿಗೆ, ಪುರಸಭೆಯ ನೆರವು. ಕೆಲವು ವರ್ಷ ಹೀಗೆ ನಡೆಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಕೇಂದ್ರವನ್ನು ವಹಿಸಿಕೊಂಡಿತು. ಒಬ್ಬರ ಜೇಬಿನಿಂದ ಬಾನುಲಿಯನ್ನು ಹುಟ್ಟಿಸಬಹುದು, ಬಹುಕಾಲ ಸಾಕಲಾಗದು. ಈ ಪಾಠವನ್ನು ನಾವು ಮರೆಯಬಾರದು.

ಆಮೇಲೆ ಬಹಳ ವರ್ಷ ಬಾನುಲಿ ಸರ್ಕಾರದ ಕೈಯಲ್ಲೇ ಇತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ನೀಡಿತು. 2002ರ ಕೊನೆಯಲ್ಲಿ ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಸ್ವಂತ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಮೊದಲ ಕೇಂದ್ರ ಆರಂಭವಾಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನಮ್ಮ ರಾಜ್ಯದಲ್ಲೂ ಬೆಂಗಳೂರಿನ 'ರೇಡಿಯೋ ಆಕ್ಟಿವ್', ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ 'ಸಾರಂಗ್', ಕಲಬುರಗಿಯ 'ಅಂತರ್ವಾಣಿ', ಬೆಳಗಾವಿಯ 'ವೇಣುಧ್ವನಿ' ಹೀಗೆ ಹಲವು ಕೇಂದ್ರಗಳು ವಿದ್ಯಾಸಂಸ್ಥೆಗಳ ಆವರಣದಲ್ಲಿ ತಲೆ ಎತ್ತಿದವು. ಸರಗೂರಿನ 'ಜನಧ್ವನಿ'ಯಂಥವು ಹಳ್ಳಿಗಾಡಿನ ಜನರ ನಡುವೆ ಬೆಳೆದವು.

ಈ ಕೇಂದ್ರಗಳಿಗೆ ಕಟ್ಟಳೆಗಳಿವೆ. ಹೊರಸೂಸುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ. ಗೋಪುರ 30 ಮೀಟರಿಗಿಂತ ಎತ್ತರ ಇರುವಂತಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಆ ಊರಿನಲ್ಲೇ, ಆ ಜನರಿಂದಲೇ ತಯಾರಾಗಬೇಕು. ಸ್ವಂತ ಸುದ್ದಿ, ರಾಜಕೀಯ ಇವಕ್ಕೆ ಅವಕಾಶವಿಲ್ಲ.

100 ವ್ಯಾಟ್ ಎಂದರೆ ಎಷ್ಟು? ಒಂದು ಹಳೆಯ ಕಾಲದ ಬಲ್ಬಿನಷ್ಟು. ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೋಗುವಾಗ ಸಿಗುವ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರವನ್ನು ನೀವು ನೋಡಿರುತ್ತೀರಿ. ಅದರ ಮೂರು ಘಟಕಗಳ ಒಟ್ಟು ಸಾಮರ್ಥ್ಯ 1,700 ಮೆಗಾವ್ಯಾಟ್. ಲೆಕ್ಕ ಹಾಕಿದರೆ ಅದು 100 ವ್ಯಾಟಿನ ಒಂದು ಕೋಟಿ ಎಪ್ಪತ್ತು ಲಕ್ಷ ಬಲ್ಬುಗಳನ್ನು ಒಮ್ಮೆಗೇ ಬೆಳಗಿಸುವಷ್ಟು. ಅಷ್ಟು ವಿದ್ಯುತ್ತು ಹುಟ್ಟುವ ಊರಿನಲ್ಲಿ ಒಂದೇ ಒಂದು ಬಲ್ಬಿನಷ್ಟು ಶಕ್ತಿ ಊರಿನ ಮಾತಿಗೆಂದು ಸಿಕ್ಕಿತು ಎಂದುಕೊಳ್ಳಿ. ಬಳ್ಳಾರಿ ನಗರವನ್ನು ಅದು ಮುಟ್ಟುವುದು ಕಷ್ಟ. ಆದರೆ ಕುಡತಿನಿಗೆ, ಹರಗಿನದೋಣಿ, ವೇಣಿವೀರಾಪುರದಂಥ ಸುತ್ತಲ ಹಳ್ಳಿಗಳಿಗೆ ಸಾಕು. ಬೂದಿ, ದೂಳು ಮತ್ತು ಕೆಮ್ಮಿನ ಬಗ್ಗೆ ವೈದ್ಯರ ಮಾತು, ಮೆಣಸಿನಕಾಯಿ ಬೆಳೆಯ ಸಲಹೆ, ಪರೀಕ್ಷೆಯ ತಯಾರಿ, ಸಂಜೆಗೆ ಹಾಡು.

ಇಲ್ಲಿ ಯಾವ ಹಾಡು ಎಂಬ ಪ್ರಶ್ನೆ ಬರುತ್ತದೆ. ಸಿನಿಮಾ ಹಾಡು ಎಲ್ಲ ವಾಹಿನಿಗಳಲ್ಲೂ ಸಿಗುತ್ತದೆ. ಈಗಂತೂ ಕೈಯಲ್ಲಿರುವ ಫೋನಿನಲ್ಲೇ ಇದೆ. ಅದನ್ನೇ ಮತ್ತೆ ಕೇಳಿಸಲು ಹೊಸ ಕೇಂದ್ರ ಏಕೆ ಬೇಕು? ಬೇರೆಲ್ಲೂ ಕೇಳದ ಹಾಡನ್ನು ಕೇಳಿಸಿದರೆ ಮಾತ್ರ ಚಿಕ್ಕ ಬಾನುಲಿಗೆ ಬೆಲೆ.

ಅಂಥ ಹಾಡು ನಮ್ಮಲ್ಲಿ ಕಡಿಮೆ ಇಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ, ಕಪ್ಪಗಲ್ಲು ಬಳಿ, ತಟ್ಟಿದರೆ ಜಾಗಟೆಯಂತೆ ದನಿ ಕೊಡುವ ಬಂಡೆಗಳಿವೆ. ಅವನ್ನು ನವಶಿಲಾಯುಗದ ಜನರು ಬಾರಿಸುತ್ತಿದ್ದಿರಬೇಕು ಎಂದು ಪುರಾತತ್ತ್ವಜ್ಞೆ ನಿಕೋಲ್ ಬೊಯಿವಿನ್ 2004ರಲ್ಲಿ ಬರೆದರು. ಅದೇ ಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬ ಕುಡತಿನಿಯ ಹತ್ತಿರವೇ ಇದೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಆದರೆ ಮುದ್ರಿಸಿದರೆ ಸಾವಿರಾರು ಪುಟವಾಗುವ ಬುರ್ರಕಥೆಯ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಕುರುಗೋಡು ಕಡೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಜೋಗತಿ ಕಲೆಯನ್ನು ಕಟ್ಟಿ ಬೆಳೆಸಿ, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಇಂಥ ಇನ್ನೆಷ್ಟು ದನಿಗಳು ಯಾವ ಯಂತ್ರದಲ್ಲೂ ದಾಖಲಾಗದೆ ಮಣ್ಣಾಗುತ್ತಿವೆಯೋ! ಒಬ್ಬ ಹಾಡುಗಾರ್ತಿ ಹೋದರೆ ಅವಳೊಡನೆ ಒಂದು ಗ್ರಂಥಾಲಯವೇ ಹೋಗುತ್ತದೆ. ಅದನ್ನು ಮತ್ತೆ ಕೊಂಡು ತರಲು ಯಾವ ನಿಧಿಯಿಂದಲೂ ಆಗದು.

ಹಳೆಯದರ ಜೊತೆಗೆ ಹೊಸದೂ ಇದೆ. ಸಿನಿಮಾ ಕಂಪನಿಯ ಹಂಗಿಲ್ಲದೆ ತಾವೇ ಬರೆದು, ರಾಗ ಹಾಕಿ, ಧ್ವನಿಮುದ್ರಿಸಿ ಹೊರತರುವ ಹಾಡಿಗೆ ಈಗ 'ಇಂಡೀ' ಎನ್ನುತ್ತಾರೆ. ಕನ್ನಡದಲ್ಲಿ ಸ್ವತಂತ್ರ ಸಂಗೀತ ಎನ್ನೋಣ. ಇದು ನಮಗೆ ತೀರ ಹೊಸದೇನಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದಾಗ, ಸಿನಿಮಾದ ಹೊರಗೂ ಕನ್ನಡ ಹಾಡಿಗೆ ಮನೆಮನೆಯಲ್ಲಿ ಜಾಗವಿದೆ ಎಂಬುದು ಗೊತ್ತಾಯಿತು. ರಘು ದೀಕ್ಷಿತ್ ಅವರು ಧ್ವನಿಮುದ್ರಣ ಕಂಪನಿಗಳ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದ ಮೇಲೆ 2008ರಲ್ಲಿ ಅವರ ಮೊದಲ ಆಲ್ಬಂ ಹೊರಬಂತು. ಶಿಶುನಾಳ ಶರೀಫರ ತತ್ವಪದಗಳು ಗಿಟಾರಿನ ಜೊತೆ ಸಾಗರದಾಚೆಗೂ ಕೇಳಿದವು. ಬೆಂಗಳೂರಿನ 'ಸ್ವರಾತ್ಮ' ತಂಡ 2009ರಲ್ಲಿ ತನ್ನ ಮೊದಲ ಆಲ್ಬಂ ತಂದಿತು.

ಹೊಸ ಹಾಡುಗಾರನಿಗೆ ಮೊದಲ ಕೇಳುಗ ಬೇಕು. ಅಮೆರಿಕದಲ್ಲಿ ಆ ಕೆಲಸವನ್ನು ಕಾಲೇಜು ಬಾನುಲಿಗಳೇ ಮಾಡಿದವು. ಜಾರ್ಜಿಯಾದ ಅಥೆನ್ಸ್ ಎಂಬ ಕಾಲೇಜು ಊರಿನಿಂದ ಬಂದ 'ಆರ್.ಇ.ಎಂ.' ತಂಡ ಜಗತ್ಪ್ರಸಿದ್ಧವಾಗುವ ಮುನ್ನ, 1980ರ ದಶಕದ ಮೊದಲ ವರ್ಷಗಳಲ್ಲಿ, ಅದರ ಹಾಡುಗಳನ್ನು ಪ್ರೀತಿಯಿಂದ ಕೇಳಿಸಿದ್ದು ವಿದ್ಯಾರ್ಥಿಗಳ ಕೇಂದ್ರಗಳು. ಕುಡತಿನಿಯ ಹುಡುಗಿಯೊಬ್ಬಳು ತನ್ನ ಊರಿನ ದೂಳಿನ ಬಗ್ಗೆ, ಕಾರ್ಖಾನೆಯ ಪಾಳಿ ಮುಗಿಸಿ ಬರುವ ಅಪ್ಪನ ಬಗ್ಗೆ ಹಾಡು ಕಟ್ಟಿದಳೆನ್ನಿ. ಅದನ್ನು ಮೊದಲು ಕೇಳಿಸುವವರು ಯಾರು? ದೂರದ ಕಂಪನಿಯೇ, ಅಥವಾ ಅವಳ ಕಾಲೇಜೇ?

ಇನ್ನು ಹಣದ ಮಾತು. ಸಮುದಾಯ ಬಾನುಲಿಗಳಿಗೆ ಜಾಹೀರಾತಿನ ಅವಕಾಶ ಇದೆ. 2024ರಲ್ಲಿ ಇದನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಲಾಯಿತು. ದರವನ್ನು 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಹೆಚ್ಚಿಸಲಾಯಿತು. ಕಾಗದದ ಮೇಲೆ ಲೆಕ್ಕ ಹಾಕಿದರೆ ಗಂಟೆಗೆ 5,328 ರೂಪಾಯಿ! ಆದರೆ ಆ 12 ನಿಮಿಷ ತುಂಬುವಷ್ಟು ಜಾಹೀರಾತು ಚಿಕ್ಕ ಊರಿಗೆ ದಿನವೂ ಬರುತ್ತದೆಯೇ? ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಟ್ಯೂಷನ್ ಕೇಂದ್ರ — ಇಷ್ಟೇ. ಆ ಆದಾಯವನ್ನೇ ನಂಬಿ ಕೂತರೆ ಯಂತ್ರ ಕೆಟ್ಟ ದಿನ ಕೇಂದ್ರವೂ ಮೂಕವಾಗುತ್ತದೆ.

ಎರಡನೆಯ ದಾರಿ, ಒಬ್ಬ ದೊಡ್ಡ ದಾನಿ. ಕಾರ್ಖಾನೆಗಳ ನಡುವಿನ ಊರಿನಲ್ಲಿ ಈ ದಾರಿ ಸುಲಭವಾಗಿ ಕಾಣುತ್ತದೆ. ದಾನ ಪಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಟ್ಟಡಕ್ಕೆ, ಯಂತ್ರಕ್ಕೆ ಒಂದು ಸಲದ ನೆರವು ಒಳ್ಳೆಯದೇ. ಆದರೆ ತಿಂಗಳ ಖರ್ಚೆಲ್ಲ ಒಬ್ಬರ ಕೈಯಿಂದಲೇ ಬರತೊಡಗಿದರೆ, ದೂಳು ಮತ್ತು ಕೆಮ್ಮಿನ ಬಗ್ಗೆ ವೈದ್ಯರು ಮಾತಾಡಬೇಕಾದ ದಿನ ಮೈಕಿನ ಮುಂದೆ ಕೂತ ವಿದ್ಯಾರ್ಥಿಯ ಗಂಟಲು ಕಟ್ಟುತ್ತದೆ. ಯಾರೂ ಬೇಡವೆನ್ನದಿದ್ದರೂ ಕಟ್ಟುತ್ತದೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದಲ್ಲವೇ ನಾವು ಕಲಿತದ್ದು?

ಮೂರನೆಯ ದಾರಿಯೇ ಪಟ್ಟಿ. ಕೇಳುವವರೇ ಕೊಡುವುದು. ಅಮೆರಿಕದ ಬರ್ಕ್ಲಿಯ 'ಕೆ.ಪಿ.ಎಫ್.ಎ.' ಕೇಂದ್ರ 1949ರಲ್ಲಿ ಕೇಳುಗರ ಹಣದಿಂದಲೇ ನಡೆಯುತ್ತೇನೆ ಎಂದು ಹೊರಟಿತು. ನ್ಯೂಜೆರ್ಸಿಯ ಅಪ್ಸಲಾ ಕಾಲೇಜಿನಲ್ಲಿ 1958ರಲ್ಲಿ ಶುರುವಾದ 'ಡಬ್ಲ್ಯು.ಎಫ್.ಎಂ.ಯು.' ಎಂಬ ಕೇಂದ್ರ ವರ್ಷಕ್ಕೊಮ್ಮೆ 'ಮ್ಯಾರಥಾನ್' ಎಂಬ ನಿಧಿ ಸಂಗ್ರಹದ ಹಬ್ಬ ನಡೆಸುತ್ತದೆ. ಜಾಹೀರಾತು ಪಡೆಯದೆ, ದಿನಗಟ್ಟಲೆ ಹಾಡು, ಹರಟೆಯ ನಡುವೆ ಕೇಳುಗರನ್ನು ಬೇಡುತ್ತದೆ. 1995ರಲ್ಲಿ ಆ ಕಾಲೇಜು ಸಾಲದಲ್ಲಿ ಮುಳುಗಿ ಶಾಶ್ವತವಾಗಿ ಮುಚ್ಚಿಹೋಯಿತು. ಆದರೆ ಅದರ ಬಾನುಲಿ ಮುಚ್ಚಲಿಲ್ಲ. ಕೇಂದ್ರದ ಬಳಗ ಅದಕ್ಕೂ ಮೊದಲೇ ಪರವಾನಗಿಯನ್ನು ಕೊಂಡುಕೊಂಡಿತ್ತು. ಕಾಲೇಜು ಹೋಗಿ ಬಾನುಲಿ ಉಳಿದ ಈ ಪ್ರಸಂಗ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲೂ 2013ರ 'ಲೂಸಿಯಾ' ಚಿತ್ರಕ್ಕೆ ಪವನ್ ಕುಮಾರ್ ಅವರು ನೂರಕ್ಕೂ ಹೆಚ್ಚು ಪ್ರೇಕ್ಷಕರಿಂದ ಹಣ ಕೂಡಿಸಿದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಕಾಲೇಜಿನಲ್ಲಿ ಇದನ್ನು ಮಾಡುವುದು ಹೇಗೆ? ವರ್ಷಕ್ಕೊಂದು ಸಂಜೆ ಇಡಿ. ಅಂದು ಮೂರು ಬಗೆಯ ಹಾಡಿರಲಿ: ಊರಿನ ಹಿರಿಯ ಕಲಾವಿದರದು, ವಿದ್ಯಾರ್ಥಿಗಳದು, ಹೊರಗಿನಿಂದ ಬಂದ ಒಂದು ಸ್ವತಂತ್ರ ತಂಡದ್ದು. ಹೊಸ ಹಾಡುಗಳ ಬಿಡುಗಡೆ ಅಂದೇ, ಬಾನುಲಿಯಲ್ಲೇ ಆಗಲಿ. ಹಣ ಕೊಟ್ಟವರ ಹೆಸರನ್ನು ಬಯಲಾಟದ ಆಯಾರದಂತೆ ಓದಿ ಹೇಳಿ. ಹತ್ತು ರೂಪಾಯಿಗೂ ಹತ್ತು ಸಾವಿರಕ್ಕೂ ಒಂದೇ ದನಿ ಇರಲಿ. ಎರಡು ಸಾವಿರ ಮನೆಗಳು ತಿಂಗಳಿಗೆ ಹತ್ತು ರೂಪಾಯಿ ಕೊಟ್ಟರೆ ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಮೂರು ಎಚ್ಚರಿಕೆಗಳು. ಒಂದು, ಲೆಕ್ಕ. ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ಮುಂದಿನ ತಿಂಗಳು ಅದೇ ಮೈಕಿನಲ್ಲಿ ಓದಬೇಕು. ಲೆಕ್ಕ ಕೊಡದ ಪಟ್ಟಿಯನ್ನು ಎರಡನೆಯ ಸಲ ಯಾರೂ ತುಂಬುವುದಿಲ್ಲ. ಎರಡು, ಕಲಾವಿದರ ಸಂಭಾವನೆ. ನಿಧಿ ಸಂಗ್ರಹವೆಂದು ಹಾಡುಗಾರರನ್ನು ಬರಿಗೈಯಲ್ಲಿ ಕಳಿಸಬಾರದು. ಬುರ್ರಕಥೆಯವಳ ಹೊಟ್ಟೆ ತುಂಬದೆ ಬಾನುಲಿಯ ಪೆಟ್ಟಿಗೆ ತುಂಬಿದರೆ ಅದು ಯಾವ ಸೇವೆ? ಮೂರು, ಹಕ್ಕು. ಧ್ವನಿಮುದ್ರಣದ ಮೊದಲು ಹಾಡಿದವರ ಒಪ್ಪಿಗೆ ಪಡೆಯಿರಿ. ಓದಲು ಬಾರದವರಿಗೆ ಓದಿ ಹೇಳಿ. ಹಾಡು ಅವರದು, ನಮ್ಮದು ಕೇವಲ ಯಂತ್ರ.

ಕೇಂದ್ರಕ್ಕೆ ಪರವಾನಗಿ ಸಿಗುವವರೆಗೆ ಕಾಯಬೇಕೆಂದೂ ಇಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ತಂಡದವರು, ಸಮುದಾಯಕ್ಕೆ ಗಾಳಿಯಲ್ಲಿ ಪ್ರಸಾರ ಮಾಡುವ ಅವಕಾಶವೇ ಇಲ್ಲದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು. ನೀವು ಈ ರಜೆಯಲ್ಲಿ ನಿಮ್ಮ ಓಣಿಯ ಅಜ್ಜಿಯೊಬ್ಬಳ ಹಾಡನ್ನು, ನಿಮ್ಮ ಗೆಳೆಯನೊಬ್ಬನ ಹೊಸ ಹಾಡನ್ನು ಮುದ್ರಿಸಿಕೊಳ್ಳಿ. ಕಾಲೇಜಿನ ಸಭಾಂಗಣದಲ್ಲಿ ನೂರು ಜನರಿಗೆ ಕೇಳಿಸಿ. ಬಾಗಿಲ ಬಳಿ ಒಂದು ಪೆಟ್ಟಿಗೆ ಇಡಿ, ಪಕ್ಕದಲ್ಲಿ ಒಂದು ಪುಸ್ತಕ ಇಡಿ. ಮೊದಲ ಹೆಸರು ನಿಮ್ಮದೇ ಇರಲಿ.