ಹರಿವೆ ಸೊಪ್ಪೂ ದಮ್ಮಿನವರ ನಡಿಗೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಅಡುಗೆಮನೆಗೆ ಗ್ಯಾಸು ಬಂದ ಮೇಲೂ ಬಚ್ಚಲಿನ ಹಂಡೆಯ ಕೆಳಗೆ ತೆಂಗಿನ ಮಡಲು, ಅಡಿಕೆಯ ಸೋಗೆಗಳು ಉರಿಯುವ ಮನೆಗಳು ವಿರಳವಲ್ಲ. ಆ ಹೊಗೆಯನ್ನೂ, ಊರವರೇ ಕಟ್ಟಿ ಊರವರೇ ಸೇದಿದ ಬೀಡಿಯ ಹೊಗೆಯನ್ನೂ ದಶಕಗಳ ಕಾಲ ಉಂಡ ಶ್ವಾಸಕೋಶಗಳಿಗೆ ಪ್ರಾಪ್ತವಾಗುವ, ಜನರು ದಮ್ಮೆಂದೂ ವೈದ್ಯರು ಸಿ.ಒ.ಪಿ.ಡಿ. ಎಂದೂ ಕರೆಯುವ ವ್ಯಾಧಿಯಲ್ಲಿ, ಗುಡ್ಡೆಯ ಮನೆಯಿಂದ ಬಸ್ಸಿನ ಮಾರ್ಗಕ್ಕೆ ಇಳಿದು ಹತ್ತುವುದೇ ಮಹಾಪ್ರಯಾಸವಾಗಿಬಿಡುತ್ತದೆ. ಅಂಥವರ ನಡಿಗೆಗೂ ಹಿತ್ತಿಲಿನ ಕೆಂಪು ಹರಿವೆಗೂ ಏನು ಸಂಬಂಧವೆಂಬುದೇ ಈ ಹೊತ್ತಿನ ವಿಷಯ.

ಹರಿವೆ, ಪಾಲಕ, ಘಟ್ಟದ ಮೇಲಿನಿಂದ ಇಳಿದು ಬರುವ ಬೀಟ್‌ರೂಟು, ಇವು ಮೂರೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಮಣ್ಣಿನ ನೈಟ್ರೇಟನ್ನು ಧಾರಾಳವಾಗಿ ಹೀರಿ ಸಂಚಯಿಸುವ ಗುಣವೂ ಮೂರಕ್ಕೂ ಸಮಾನ. ಈ ನೈಟ್ರೇಟಿನ ಪೂರ್ವಚರಿತ್ರೆಯಾದರೋ ಶ್ಲಾಘ್ಯವಾದುದಲ್ಲ. 1945ರಲ್ಲಿ ಅಮೆರಿಕದ ವೈದ್ಯ ಕಾಮ್ಲಿ ಎಂಬಾತನು, ನೈಟ್ರೇಟು ತುಂಬಿದ ಬಾವಿನೀರಿನಿಂದ ಹಸುಗೂಸುಗಳ ಮೈ ನೀಲಿಗಟ್ಟಿದುದನ್ನು ವರದಿಮಾಡಿದಂದಿನಿಂದ ಅದು ವಿಷಗಳ ಪಂಕ್ತಿಯಲ್ಲಿ ಕುಳಿತಿತು. ಮುಂದೆ ಅರ್ಬುದರೋಗದ ಅಪವಾದವೂ ಅದರ ತಲೆಗೇ ಬಂದಿತು.

ಆ ಅಪಕೀರ್ತಿಯು ಕಳೆಯತೊಡಗಿದ್ದು 1994ರಲ್ಲಿ. ಸ್ವೀಡನ್ನಿನ ಲುಂಡ್‌ಬರ್ಗ್, ವೈಟ್ಸ್‌ಬರ್ಗರೂ ಬ್ರಿಟನ್ನಿನ ಬೆಂಜಮಿನ್ನರ ತಂಡವೂ ಪ್ರತ್ಯೇಕವಾಗಿ ಶೋಧಿಸಿದುದೇನೆಂದರೆ, ಉಂಡ ನೈಟ್ರೇಟು ಲಾಲಾರಸದೊಡನೆ ಮರಳಿ ಬಾಯಿಗೆ ಬಂದು, ನಾಲಗೆಯ ಮೇಲಣ ಬ್ಯಾಕ್ಟೀರಿಯಾಗಳಿಂದ ನೈಟ್ರೈಟಾಗಿ, ಜಠರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಈ ಅನಿಲದ ಮಹಿಮೆಯನ್ನು ಕಂಡವರಿಗೆ 1998ರಲ್ಲಿ ನೊಬೆಲ್ ಪುರಸ್ಕಾರವೇ ಸಂದಿತು. 2007ರಲ್ಲಿ ಸ್ಟಾಕ್‌ಹೋಮಿನ ಲಾರ್ಸನ್ ಮತ್ತವರ ಸಂಗಡಿಗರು, ನೈಟ್ರೇಟು ಸೇವಿಸಿದ ತರುಣರು ಅಷ್ಟೇ ಶ್ರಮದ ಸೈಕಲ್ ತುಳಿತಕ್ಕೆ ಕಡಿಮೆ ಆಮ್ಲಜನಕವನ್ನು ವ್ಯಯಿಸಿದುದನ್ನು ಕಂಡರು. ಉಸಿರಿಗೇ ಬಡತನವಿರುವವನಿಗೆ ಇದಕ್ಕಿಂತ ಪ್ರಿಯವಾದ ವಾರ್ತೆ ಇನ್ನಾವುದು?

ರೋಗಿಗಳಲ್ಲಿ ನಡೆದ ಮೊದಮೊದಲ ಚಿಕ್ಕ ಪ್ರಯೋಗಗಳ ಫಲ ಮಾತ್ರ ಒಮ್ಮತಕ್ಕೆ ಬರಲಿಲ್ಲ; ಕೆಲವರು ಗುಣ ಕಂಡರು, ಕೆಲವರು ಏನನ್ನೂ ಕಾಣಲಿಲ್ಲ. 2020ರಲ್ಲಿ ಲಂಡನ್ನಿನ ಹಾಪ್ಕಿನ್ಸನ್ನರ ತಂಡವು ದಮ್ಮಿನವರಿಗೆ ಎಂಟು ವಾರಗಳ ವ್ಯಾಯಾಮವನ್ನು ಕಲಿಸಿ, ಅರ್ಧದಷ್ಟು ಮಂದಿಗೆ ಬೀಟ್‌ರೂಟಿನ ರಸವನ್ನೂ, ಉಳಿದವರಿಗೆ ನೈಟ್ರೇಟನ್ನು ಮಾತ್ರ ಕಳೆದ ಅದೇ ರಸವನ್ನೂ ಕುಡಿಸಿತು. ಬಣ್ಣವೊಂದೇ, ರುಚಿಯೊಂದೇ, ಆದುದರಿಂದ ನಂಬಿಕೆಯ ಬಲವೂ ಇಬ್ಬರಿಗೂ ಒಂದೇ. ನಡಿಗೆಯ ಪರೀಕ್ಷೆಯಲ್ಲಿ ಮೊದಲಿನವರು ಸುಮಾರು 60 ಮೀಟರು, ಎರಡನೆಯವರು 30 ಮೀಟರು ಮುನ್ನಡೆದರು. 2023ರಲ್ಲಿ ಅದೇ ತಂಡವು 81 ರೋಗಿಗಳಿಗೆ ಹನ್ನೆರಡು ವಾರ ನಿತ್ಯವೂ ಇಂಥವೇ ಎರಡು ಬಗೆಯ ರಸಗಳನ್ನು ಹಂಚಿ ಕೊಟ್ಟಾಗ, ನೈಟ್ರೇಟಿನ ರಸ ಕುಡಿದವರಲ್ಲಿ ಉಳಿದವರಿಗಿಂತ ಆರು ನಿಮಿಷದ ನಡಿಗೆ 30 ಮೀಟರಿನಷ್ಟು ಹೆಚ್ಚಿ, ಮೇಲಿನ ರಕ್ತದೊತ್ತಡ 4.5ರಷ್ಟು ಇಳಿಯಿತು. ನನ್ನ ದೃಷ್ಟಿಗೆ ಬೀಳುವುದು 2020ರ ಎರಡನೆಯ ಗುಂಪು: ನೈಟ್ರೇಟಿಲ್ಲದವರೂ ಬರಿಯ ವ್ಯಾಯಾಮದ ಬಲದಿಂದ 30 ಮೀಟರನ್ನು ಸಂಪಾದಿಸಿದರಷ್ಟೆ; ಮೂಲಧನ ಕಾಲಿನದು, ರಸದ್ದು ಬಡ್ಡಿ.

ಆ ಪ್ರಯೋಗಗಳಲ್ಲಿ ಕುಡಿಸಿದುದು ಅಳತೆಯ ಸಾಂದ್ರರಸವೇ ಹೊರತು ಹರಿವೆಯ ಸಾರಲ್ಲವೆಂಬುದನ್ನು ಮರೆಯದೆ, ಹರಿವೆಯನ್ನು ಬೇಯಿಸಿದ ನೀರನ್ನು ಚೆಲ್ಲುವವರು ನೈಟ್ರೇಟಿನ ಬಹುಭಾಗವನ್ನೂ ಚೆಲ್ಲಿದಂತೆಯೇ ಎಂದು ತಿಳಿಯಬೇಕು. ಸಾರಿನಲ್ಲಾದರೆ ಅದು ಉಳಿಯುತ್ತದೆ. ಕ್ರಿಮಿನಾಶಕ ದ್ರವದಿಂದ ಬಾಯಿ ಮುಕ್ಕಳಿಸುವವರ ನಾಲಗೆಯ ಮೇಲೆ ಬ್ಯಾಕ್ಟೀರಿಯಾಗಳೇ ಸತ್ತು, ಉಂಡುದು ನಿಷ್ಫಲವಾದೀತು. ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ಈ ಕುಟುಂಬದ ಆಕ್ಸಲೇಟಿಗೆ ಅಂಜಿ ವೈದ್ಯರನ್ನು ಕೇಳಿಯೇ ಉಣ್ಣುವುದು. ಇನ್‌ಹೇಲರನ್ನಂತೂ ಯಾರೂ ಬಿಡತಕ್ಕದ್ದಲ್ಲ.