ಸಾತಹಳ್ಳಿಯ ದೊಡ್ಡ ಸ್ವಾಮಿ: ಅಬ್ಬೆ ದುಬಾಯ್
(ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಜಿಲ್ಲೆಯಲ್ಲಿ ಸೇವೆ ಮಾಡಿದ ಒಬ್ಬರ ಬಗ್ಗೆ ಮಾತನಾಡಿ ಎಂದು ಮಹೋತ್ಸವ ಸಮಿತಿಯವರು ಹೇಳಿದರು. ಎರಡು ಶತಮಾನಗಳ ಹಿಂದೆ ಹಾಸನದ ಸೀಮೆಯಲ್ಲಿ ಓಡಾಡಿದ ಒಬ್ಬ ಫ್ರೆಂಚ್ ಪಾದ್ರಿಯನ್ನು ನಾನು ಆರಿಸಿಕೊಂಡಿದ್ದೇನೆ.

ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಮೇಲೆ ಕಾಣುವ ಶೆಟ್ಟಿಹಳ್ಳಿಯ ಚರ್ಚನ್ನು ನೀವೆಲ್ಲ ನೋಡಿದ್ದೀರಿ. ಅದನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣವಾದಾಗ ಚರ್ಚು ನೀರಿನ ಪಾಲಾಯಿತು, ಅಲ್ಲಿದ್ದ ಒಕ್ಕಲುಗಳು ಬೇರೆಡೆಗೆ ಹೋದರು. ಅದೇ ನೀರು ಇಂದು ಕಾಲುವೆಗಳಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಗದ್ದೆಗಳಿಗೆ ಹರಿಯುತ್ತಿದೆ. ಆ ಗೋಡೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ನಾವು, ಈ ಸೀಮೆಗೆ ಫ್ರೆಂಚ್ ಪಾದ್ರಿಗಳು ಬಂದದ್ದಾದರೂ ಹೇಗೆ ಎಂದು ಕೇಳುವುದಿಲ್ಲ. ಆ ಕಥೆ ಚರ್ಚಿಗಿಂತ ಅರವತ್ತು ವರ್ಷ ಹಿಂದಿನದು.

ಜ್ಯಾಂ ಆಂತ್ವಾನ್ ದುಬಾಯ್ ಹುಟ್ಟಿದ್ದು 1765ರಲ್ಲಿ, ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಅಬ್ಬೆ ಎಂದರೆ ಅವರ ಭಾಷೆಯಲ್ಲಿ ಪಾದ್ರಿ. 1792ರಲ್ಲಿ, ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದಾಗ, ದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಲು ಮೈಸೂರು ಸಂಸ್ಥಾನಕ್ಕೆ ಕರೆ ಬಂತು. ಬಂದವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲೇ ಉಳಿದರು. ಉದ್ದನೆಯ ಬಿಳಿ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಊಟ ಉಡುಪು ಎಲ್ಲದರಲ್ಲೂ ಇಲ್ಲಿಯವರಂತೆ ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಬಡ ಕುಟುಂಬಗಳಿಗೆ ಮೊದಲು ಬೇಕಾದದ್ದು ಉಳುವ ಭೂಮಿ ಎಂದು ಕಂಡುಕೊಂಡು ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಹಳ್ಳಿ.

ಅವರ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸಿಡುಬಿನದು. ಆ ಕಾಲದಲ್ಲಿ ಸಿಡುಬು ಎಂಬ ಹೆಸರನ್ನೂ ಮನೆಯಲ್ಲಿ ಎತ್ತುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ಬದುಕಿದವರಲ್ಲಿ ಎಷ್ಟೋ ಜನರ ಕಣ್ಣು ಹೋಗುತ್ತಿತ್ತು. ಇಂಗ್ಲೆಂಡಿನ ಜೆನ್ನರ್ ದನದ ಸಿಡುಬಿನಿಂದ ಲಸಿಕೆ ಕಂಡುಹಿಡಿದು 1798ರಲ್ಲಿ ಪ್ರಕಟಿಸಿದ್ದರು. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ.

ಮರುವರ್ಷವೇ ದುಬಾಯ್ ಅದನ್ನು ಮೈಸೂರು ಸೀಮೆಯ ಹಳ್ಳಿಗಳಿಗೆ ತಂದರು. 1803-04ರಲ್ಲಿ ಅವರ ಪ್ರಯತ್ನದಿಂದ ದೇವಿ ಹಾಕಿಸಿಕೊಂಡವರು 25,432 ಮಂದಿ. ಮಕ್ಕಳೇ, ಈ ಸಂಖ್ಯೆಯ ಹಿಂದಿನ ಶ್ರಮ ನೋಡಿ. ಆಗ ಸೀಸೆಯೂ ಇಲ್ಲ, ಐಸ್‌ಪೆಟ್ಟಿಗೆಯೂ ಇಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನದ ಹೊತ್ತಿಗೆ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಸರಪಣಿ ಒಂದು ಕಡೆ ತುಂಡಾದರೆ ಲಸಿಕೆಯೇ ಮುಗಿಯಿತು. ಯಾವ ಜಾತಿಯ ಮಗುವಿನ ರಸ, ಅಮ್ಮನಿಗೆ ಕೋಪ ಬರುವುದಿಲ್ಲವೇ, ಮಗುವಿಗೆ ಏನಾದರೂ ಆದರೆ ಯಾರು ಹೊಣೆ? ಪ್ರತಿ ಹಟ್ಟಿಯಲ್ಲೂ ಇಂಥ ಪ್ರಶ್ನೆಗಳು ಏಳುವುದು ಸಹಜ. ಒಬ್ಬ ತಾಯಿ ತನ್ನ ಮಗುವಿನ ತೋಳನ್ನು ಮುಂದೆ ಚಾಚಬೇಕಾದರೆ ಎದುರಿಗಿದ್ದವರ ಮೇಲೆ ಅವಳಿಗೆ ನಂಬಿಕೆ ಇರಲೇಬೇಕು. ಮೈಸೂರು ಅರಮನೆಯೂ ಹಿಂದೆ ಬೀಳಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡ ಸಂಗತಿಯನ್ನು 1806ರಲ್ಲಿ ಬಹಿರಂಗಪಡಿಸಲಾಯಿತು. ಜನರ ಭಯ ಕಡಿಮೆಯಾಗಲು ಅದೂ ನೆರವಾಯಿತು.

ಹೊರಗಿನ ಜಗತ್ತು ದುಬಾಯ್ ಅವರನ್ನು ಗುರುತಿಸುವುದು ಹಿಂದೂಗಳ ಆಚಾರ ವ್ಯವಹಾರಗಳ ಬಗೆಗಿನ ಗ್ರಂಥದಿಂದ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮೂಲಕ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ಪಗೋಡಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಹೊಗಳಿಕೆಯ ಜೊತೆಗೆ ನಿಜವನ್ನೂ ಹೇಳಬೇಕು. ಅದರಲ್ಲಿ ನಮ್ಮ ಜನರ ಬಗ್ಗೆ ಕಟುವಾದ, ಒಪ್ಪಲಾಗದ ಮಾತುಗಳಿವೆ. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಕರ್ದೂ ಎಂಬ ಪಾದ್ರಿಯ ಬರಹವೇ ಆಧಾರವೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಪ್ಯಾರಿಸಿನಲ್ಲಿ ತಮ್ಮ ಮಿಷನ್ನಿನ ಗುರುಮಠದ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಹೊರಟ ವರ್ಷವೇ ಪ್ರಕಟವಾದ ಪತ್ರಗಳಲ್ಲಿ ಅವರು ತಮ್ಮ ಲೆಕ್ಕ ಒಪ್ಪಿಸಿದ್ದಾರೆ: ಇಪ್ಪತ್ತೈದು ವರ್ಷಗಳಲ್ಲಿ ತಮ್ಮಿಂದ ಮತಾಂತರವಾದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ. ಬಂದ ಉದ್ದೇಶ ಕೈಗೂಡಲಿಲ್ಲ ಎಂಬ ನಿರಾಶೆ ಆ ಪತ್ರಗಳ ತುಂಬ ಇದೆ.

ನಾನು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಅವರು ಸೋಲೆಂದು ಬರೆದುಕೊಂಡ ಲೆಕ್ಕದಲ್ಲಿ ಮುನ್ನೂರು. ಜಾತಿ ಮತ ಕೇಳದೆ ಉಳಿಸಿಕೊಂಡ ತೋಳುಗಳ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ. ಆ ಮಕ್ಕಳಲ್ಲಿ ಬದುಕಿ ಬಾಳಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಯಾವ ಊರಿನಲ್ಲಿ, ಯಾವ ದೇವರಿಗೆ ಕೈಮುಗಿಯುತ್ತಿದ್ದಾರೋ, ಯಾರು ಬಲ್ಲರು! ಈ ಸಭೆಯಲ್ಲೂ ಇರಬಹುದು. ಅಂಥ ಅನೇಕರ ದುಡಿಮೆ ಸೇರಿ, 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಐವತ್ತು ವರ್ಷ ಈ ಶಾಲೆಯಲ್ಲಿ ಪಾಠ ಹೇಳಿದ ಗುರುಗಳ ಲೆಕ್ಕವೂ ಹೀಗೆಯೇ. ನಿವೃತ್ತಿಯ ದಿನ ಕೈಯಲ್ಲಿ ಕಾಣುವುದು ಫಲಿತಾಂಶದ ಪಟ್ಟಿ. ಕಾಣದೆ ಬೆಳೆದದ್ದು ಎಷ್ಟೋ.

ಮಕ್ಕಳೇ, ನಿಮಗೊಂದು ಕೆಲಸ ಕೊಡುತ್ತೇನೆ. ಮನೆಗೆ ಹೋಗಿ ಅಜ್ಜ ಅಜ್ಜಿಯರ ತೋಳಿನಲ್ಲಿ ದೇವಿ ಹಾಕಿದ ಗುರುತು ಇದೆಯೇ ನೋಡಿ. ಯಾರು ಹಾಕಿದರು, ಆ ದಿನ ಊರಿನಲ್ಲಿ ಏನಾಯಿತು ಎಂದು ಕೇಳಿ ಬರೆದಿಡಿ. ಮುಳುಗಡೆಯಾದ ಊರುಗಳಿಂದ ಬಂದವರಿದ್ದರೆ ಅವರ ಮಾತನ್ನೂ ಬರೆಯಿರಿ. ಆ ನೋಟ್‌ಪುಸ್ತಕಗಳು ಈ ಶಾಲೆಯ ಗ್ರಂಥಾಲಯದಲ್ಲಿ ಉಳಿಯಲಿ.