ಮುಕ್ತ ಮಾರುಕಟ್ಟೆಯಲ್ಲಿ ನಮ್ಮ ಹೊಣೆ
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಅಲ್ಲಿನ ಅನ್ಸಾರಿ ಸಹೋದರರೊಬ್ಬರು ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದರು. ಅವರು ಅದನ್ನು ಸ್ವೀಕರಿಸದೆ, ಮಾರುಕಟ್ಟೆಯ ದಾರಿ ಯಾವುದೆಂದು ಕೇಳಿದರು. ಈ ಘಟನೆಯನ್ನು ನೀವೆಲ್ಲ ಮದ್ರಸದಲ್ಲಿ ಕೇಳಿದವರೇ. ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಿರೆಂದು ಜನರು ಬೇಡಿಕೊಂಡರೂ ಪ್ರವಾದಿವರ್ಯರು(ಸ) ಒಪ್ಪಲಿಲ್ಲ ಎಂಬುದೂ ಹದೀಸ್ ಗ್ರಂಥಗಳಲ್ಲಿದೆ. ಸ್ವತಃ ವ್ಯಾಪಾರಿಯಾಗಿದ್ದ ಪ್ರವಾದಿಯವರ(ಸ) ಸಮುದಾಯ ನಮ್ಮದು. ಹಾಗಾಗಿ ಮಾರುಕಟ್ಟೆಯ ಸ್ವಾತಂತ್ರ್ಯ ನಮಗೆ 1991ರ ನಂತರ ಹೊರಗಿನಿಂದ ಬಂದದ್ದೇನೂ ಅಲ್ಲ.

ಆದರೆ ಅದೇ ಮಾರುಕಟ್ಟೆಯಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಧಾನ್ಯದ ರಾಶಿಯೊಂದರ ಬಳಿ ಪ್ರವಾದಿಯವರು(ಸ) ನಿಂತು, ರಾಶಿಯೊಳಗೆ ಕೈ ಹಾಕಿ ನೋಡಿದರು. ಬೆರಳು ಒದ್ದೆಯಾಯಿತು. ಮಳೆಯಲ್ಲಿ ನೆನೆಯಿತು ಎಂದ ವ್ಯಾಪಾರಿಯನ್ನು, ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದುಬಿಟ್ಟರು. ಈ ಹದೀಸನ್ನು ನಾವು ಯಾವಾಗಲೂ ಮಾರುವವನಿಗೆ ಹೇಳಿದ ಬುದ್ಧಿಮಾತೆಂದೇ ಓದುತ್ತೇವೆ. ಇಂದು ಆ ಕೈಯ ಕಡೆಗೂ ನೋಡಿ ಎಂದು ಕೇಳಿಕೊಳ್ಳುತ್ತೇನೆ. ರಾಶಿ ಮೇಲ್ನೋಟಕ್ಕೆ ಒಣಗಿಯೇ ಇತ್ತು. ಕೈ ಒಳಗೆ ಹೋದದ್ದರಿಂದ ಮಾತ್ರ ಸತ್ಯ ತಿಳಿಯಿತು.

ಇಷ್ಟೆಲ್ಲ ಪೀಠಿಕೆ ಯಾಕೆಂದು ನಿಮಗೀಗ ಅಂದಾಜಾಗಿರಬಹುದು. ಬೆಂಗಳೂರಿನ ಐಎಂಎ ಪ್ರಕರಣ ನಿಮಗೆ ನೆನಪಿದೆ. 2006ರಲ್ಲಿ ಆರಂಭವಾದ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ಸ್ಥಾಪಕರು ದುಬೈಗೆ ಹೋದರು, ಜುಲೈನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಮುಂದೆ ತನಿಖೆ ಸಿಬಿಐಗೆ ಹೋಯಿತು. ಹೊಸಬರಿಂದ ಬಂದ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಿದರು ಎಂಬುದು ಆರೋಪ. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ದೂರು ಕೊಟ್ಟರು. ಅವರಲ್ಲಿ ಬಹುಪಾಲು ನಮ್ಮವರೇ. ಮಗಳ ಮದುವೆಗೆ ಇಟ್ಟದ್ದು, ಹಜ್ಜ್‌ಗೆ ಕೂಡಿಟ್ಟದ್ದು, ಗಲ್ಫಿನಲ್ಲಿ ದುಡಿದು ತಂದದ್ದು, ವಿಧವೆಯರ ಕೈಯಲ್ಲಿ ಉಳಿದಿದ್ದ ಒಡವೆ.

ಮೋಸ ಹೋದವರನ್ನು ದುರಾಸೆಯವರೆಂದು ಹಂಗಿಸುವುದು ನನಗೆ ಒಪ್ಪಿಗೆಯಿಲ್ಲ. ಬಡ್ಡಿಯ ಭಯದಿಂದ ಬ್ಯಾಂಕಿನಿಂದ ದೂರ ನಿಂತವನಿಗೆ ಹಲಾಲ್ ಎಂಬ ಒಂದು ಶಬ್ದ ಎಷ್ಟು ಸಮಾಧಾನ ಕೊಡುತ್ತದೆಂಬುದು ನಮಗೆ ಗೊತ್ತು. ಆ ಸಂಸ್ಥೆ ಶಿವಾಜಿನಗರದ ಒಂದು ಸರಕಾರಿ ಶಾಲೆಯನ್ನು ದತ್ತು ಪಡೆದು ಚಂದ ಮಾಡಿಸಿತ್ತು. ಅದನ್ನು ಕಣ್ಣಾರೆ ಕಂಡವರು ನಂಬಿದರು. ದಾನ ಮಾಡುವ ಕೈ ಲೆಕ್ಕವನ್ನೂ ಸರಿಯಾಗಿಯೇ ಇಟ್ಟಿರುತ್ತದೆ ಎಂದು ನಾವು ತಿಳಿಯುತ್ತೇವೆ. ಶಿಕ್ಷಣ ಸಂಸ್ಥೆಗಳನ್ನು ನಡೆಸುವ ನಾವೂ ದಾನಿಗಳ ಚೆಕ್ಕನ್ನು ಎಷ್ಟು ಪ್ರಶ್ನೆ ಕೇಳಿ ಪಡೆಯುತ್ತೇವೆ, ವೇದಿಕೆಯ ಮೇಲಿರುವವರು ಕ್ಷಮಿಸಬೇಕು, ನಮಗೆ ನಾವೇ ಕೇಳಿಕೊಳ್ಳೋಣ.

ಅಧಿಕಾರಿಗಳ ಹೊಣೆಯೂ ಸಣ್ಣದಲ್ಲ. ರಿಸರ್ವ್ ಬ್ಯಾಂಕ್ ರಾಜ್ಯ ಸರಕಾರವನ್ನು ಮೊದಲೇ ಎಚ್ಚರಿಸಿತ್ತೆಂಬ ಸಂಗತಿ ನಂತರ ಹೊರಬಂತು. ಠೇವಣಿದಾರರ ರಕ್ಷಣೆಗೆ ರಾಜ್ಯದಲ್ಲಿ 2004ರ ಕಾನೂನೇ ಇತ್ತು. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2019ರಲ್ಲಿ ಬಂತು. ಕಾನೂನು ಮನುಷ್ಯನನ್ನು ಬೇಗ ಹಿಡಿಯಬಹುದು, ಹಣವನ್ನು ಹಿಡಿಯುವಾಗ ವರ್ಷಗಳು ಕಳೆಯುತ್ತವೆ.

ಉಳಿದದ್ದು ನಮ್ಮ ಪಾಲು. ಇಂತಹ ಯೋಜನೆಗಳಲ್ಲಿ ತಿಂಗಳಿಗೆ ಶೇಕಡಾ ಮೂರರ ಮಾತು ಕೇಳಿಬರುತ್ತದೆ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ಬಾಡಿಗೆ, ಸಂಬಳ, ಏಜೆಂಟರ ಕಮಿಷನ್, ಮಾಲಕರ ಪಾಲು ಎಲ್ಲ ಕಳೆದ ಮೇಲೆ ನಿಮಗೆ ಶೇಕಡಾ 36 ಉಳಿಯಬೇಕು. ಅದೂ ಪ್ರತಿವರ್ಷ, ಮಳೆಗಾಲ ಬೇಸಗೆಯೆನ್ನದೆ. ನಿಮ್ಮೂರಿನ ಯಾವುದೇ ಬಟ್ಟೆ ಅಂಗಡಿ, ಚಿನ್ನದ ಅಂಗಡಿಯವರನ್ನು ಇದು ಸಾಧ್ಯವೇ ಎಂದು ಕೇಳಿ, ನಕ್ಕುಬಿಡುತ್ತಾರೆ. ವಿಚಿತ್ರವೆಂದರೆ ಹಾಗೆ ನಗಬಲ್ಲವರೂ ಹಣ ಹಾಕಿದ್ದರು. ಅಂಗಡಿಗೆ ಒಂದು ಮೂಟೆ ಅಕ್ಕಿ ಬಂದರೆ ಮುಷ್ಟಿ ತೆಗೆದು, ಕಚ್ಚಿ ನೋಡಿಯೇ ಇಳಿಸಿಕೊಳ್ಳುವ ವ್ಯಾಪಾರಿ ಹತ್ತು ಲಕ್ಷದ ಚೆಕ್ಕನ್ನು ಮಾತ್ರ ಒಂದು ಸಲಾಮಿಗೆ ಬರೆದುಕೊಟ್ಟ.

ಯಾಕೆ? ನೆರೆಮನೆಯವರಿಗೆ ಎರಡು ವರ್ಷದಿಂದ ತಪ್ಪದೆ ಬರುತ್ತಿತ್ತು, ಅದಕ್ಕೆ. ಮೇಲ್ನೋಟಕ್ಕೆ ಇದು ತರ್ಕಬದ್ಧ. ಆದರೆ ಹಣ ಬಂತೆಂಬುದು ಹಣ ಕೊಟ್ಟದ್ದಕ್ಕೆ ಮಾತ್ರ ಸಾಕ್ಷಿ, ಲಾಭ ಬಂದದ್ದಕ್ಕಲ್ಲ. ನಿಮ್ಮ ಲಕ್ಷದಿಂದಲೇ ನಿಮಗೆ ತಿಂಗಳಿಗೆ ಮೂರು ಸಾವಿರ ಕೊಟ್ಟರೂ 33 ತಿಂಗಳು ನಡೆಯುತ್ತದೆ. ಅಷ್ಟರಲ್ಲಿ ನೀವು ನಿಮ್ಮ ಭಾವನನ್ನೂ ಸೇರಿಸಿರುತ್ತೀರಿ. 1920ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇಕಡಾ 50 ಕೊಡುತ್ತೇನೆಂದು ಮಾಡಿದ್ದೂ ಇದನ್ನೇ. ಅಲ್ಲಿ ಹಲಾಲ್ ಶಬ್ದ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು, ಇದು ನಮ್ಮದೇ ಫಿಕ್‌ಹ್‌ನ ಮಾತು. ಮುದಾರಬದಲ್ಲಿ ಲಾಭ ಹಂಚಿಕೆಯ ಪ್ರಮಾಣ ಮಾತ್ರ ಮೊದಲೇ ನಿಗದಿಯಾಗಬಹುದು, ಲಾಭದ ಮೊತ್ತವಲ್ಲ. ನಷ್ಟವಾದರೆ ಅದನ್ನು ಬಂಡವಾಳ ಹಾಕಿದವನೇ ಹೊರಬೇಕು. ಅಸಲಿಗೆ ಭದ್ರತೆ ಕೊಟ್ಟು, ತಿಂಗಳ ಮೊತ್ತವನ್ನೂ ನಿಗದಿ ಮಾಡಿದರೆ ಅದಕ್ಕೆ ಹೆಸರು ಯಾವುದಿಟ್ಟರೂ ಬಡ್ಡಿಯೇ. ನಷ್ಟದ ಮಾತೇ ಇಲ್ಲದ ಕಡೆ ಹಲಾಲ್ ಎಂಬ ಫಲಕ ಕಂಡರೆ ನಿಮ್ಮ ಅನುಮಾನ ಹೆಚ್ಚಬೇಕು. ಶರೀಅತ್‌ಗೆ ಹೊಂದುವ ಕಂಪೆನಿಗಳ ಷೇರುಗಳಲ್ಲೇ ಹಣ ತೊಡಗಿಸುವ, ಸೆಬಿಯಲ್ಲಿ ನೋಂದಾಯಿತವಾದ ಮ್ಯೂಚುವಲ್ ಫಂಡ್‌ಗಳು ದೇಶದಲ್ಲಿವೆ. ಅವು ಏರುತ್ತವೆ, ಇಳಿಯುತ್ತವೆ, ಇಳಿಯಬಹುದೆಂದು ಮೊದಲೇ ಬರೆದು ತಿಳಿಸುತ್ತವೆ. ಅದಕ್ಕೇ ನಮ್ಮವರಿಗೆ ರುಚಿಸುವುದಿಲ್ಲವೇನೋ.

ಈಗ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದು? ನಮಾಝ್ ಕುರಿತಾದದ್ದಲ್ಲ, ಉಪವಾಸದ್ದೂ ಅಲ್ಲ. ಅಲ್ ಬಕರದ 282ನೆಯ ಸೂಕ್ತ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ, ಬರೆಯಲು ಬೇಸರಪಡಬಾರದೆಂಬ ಆದೇಶ ಅದರಲ್ಲಿದೆ. ಬರೆದದ್ದನ್ನು ಓದಬೇಕಲ್ಲವೇ? ಐಎಂಎ ತನ್ನ ಹೂಡಿಕೆದಾರರನ್ನು ಠೇವಣಿದಾರರೆಂದು ಕರೆಯದೆ, ಎಲ್‌ಎಲ್‌ಪಿ ಎಂಬ ಪಾಲುದಾರಿಕೆಗಳಲ್ಲಿ ಪಾಲುದಾರರೆಂದು ಸೇರಿಸಿಕೊಂಡಿತ್ತು. ತಾನು ಠೇವಣಿದಾರನೋ ಪಾಲುದಾರನೋ ಎಂಬುದು ಕಾನೂನಿನ ಮುಂದೆ ದೊಡ್ಡ ವ್ಯತ್ಯಾಸ. ಸಹಿ ಹಾಕಿದ ಎಷ್ಟು ಮಂದಿ ತಂದೆತಾಯಂದಿರಿಗೆ ಅದು ಗೊತ್ತಿತ್ತು? ಅವರು ಓದಲಾರದ ಭಾಷೆಯನ್ನು ಓದಲೆಂದೇ ನಿಮ್ಮನ್ನು ಕಾಲೇಜಿಗೆ ಕಳುಹಿಸಿದ್ದಾರೆ.

ರಜೆಗೆ ಮನೆಗೆ ಹೋದಾಗ ಕಪಾಟಿನಲ್ಲಿರುವ ಬಾಂಡು, ರಶೀದಿ, ಚೀಟಿ ಪುಸ್ತಕ, ವಿಮಾ ಪತ್ರಗಳನ್ನೆಲ್ಲ ಹೊರಗೆ ತೆಗೆಸಿ. ಒಂದೊಂದನ್ನೂ ಓದಿ ತಾಯಿಗೆ ಬ್ಯಾರಿಯಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ತಿಳಿಸಿ ಹೇಳಿ. ಕೊಟ್ಟವರ ಕಚೇರಿ ಎಲ್ಲಿ, ನೋಂದಣಿ ಯಾರ ಬಳಿ, ಹಣ ಹಿಂದಕ್ಕೆ ಕೇಳಿದರೆ ಎಷ್ಟು ದಿನ ಎಂದು ಬರೆದುಕೊಳ್ಳಿ. ಅರ್ಥವಾಗದ ಕಾಗದವಿದ್ದರೆ ಅದರ ಜೆರಾಕ್ಸ್ ತನ್ನಿ, ನಮ್ಮಲ್ಲಿ ವಕೀಲರೂ ಲೆಕ್ಕಪರಿಶೋಧಕರೂ ಇದ್ದಾರೆ, ಜೊತೆಗೆ ಕುಳಿತು ಓದೋಣ.

ಝುಹ್ರ್ ಬಾಂಗಿಗೆ ಇನ್ನೂ ಸ್ವಲ್ಪ ಸಮಯವಿದೆ. ಪ್ರಶ್ನೆಗಳಿದ್ದವರು ಮುಂದೆ ಬನ್ನಿ.